ಕರಿಯನಿಗೊಂದು, ಚಿನ್ನಿಗೊಂದು ಕಂಡಿ: ಮಳೆ, ಹಾವು, ಚಿರತೆಯ ಊರಿನಲ್ಲಿ ಕೊರೆಯುವುದು ಹೇಗೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ತೋಟದ ನಡುವಿನ ಒಂಟಿ ಮನೆ. ಹಗಲು ನಾನು ಮತ್ತು ಯಜಮಾನರು ಅಡಿಕೆ ತೋಟದಲ್ಲಿರುತ್ತೇವೆ. ಮನೆಯಲ್ಲಿ 78 ವರ್ಷದ ಅತ್ತೆ ಒಬ್ಬರೇ ಇರುತ್ತಾರೆ, ಅವರಿಗೆ ಮಂಡಿನೋವು. ನಾಯಿ ಕರಿಯ, ಬೆಕ್ಕು ಚಿನ್ನಿ ಗಳಿಗೆಗೊಮ್ಮೆ ಒಳಗೆ ಹೊರಗೆ ಓಡಾಡುತ್ತವೆ. ಪ್ರತಿ ಸಲವೂ ಅತ್ತೆ ಗೋಡೆ ಹಿಡಿದು ಎದ್ದು ಬಾಗಿಲು ತೆಗೆಯಬೇಕು. ತೆರೆದೇ ಇಟ್ಟರೆ ಮಂಗಗಳು ಅಡುಗೆಮನೆಗೆ ನುಗ್ಗುತ್ತವೆ. ಹಿತ್ತಿಲ ಬಾಗಿಲಿನ ಬುಡದಲ್ಲಿ ಕಂಡಿ ಕೊರೆದು, ತಳ್ಳಿದರೆ ತೆರೆದು ತಾನೇ ಮುಚ್ಚಿಕೊಳ್ಳುವ ಫ್ಲ್ಯಾಪ್ ಕೂರಿಸಿಕೊಡುತ್ತೇನೆ ಎಂದು ನಮ್ಮ ಬಡಗಿ ಹೇಳುತ್ತಿದ್ದಾರೆ. ಆ ಬಾಗಿಲು ಪಶ್ಚಿಮಕ್ಕಿದೆ. ಮಳೆ ನೀರು ಒಳಗೆ ಬರುವುದಿಲ್ಲವೆ? ಹಾವಿನ ಗತಿ ಏನು? ಕಳ್ಳರು? ಹೋದ ವರ್ಷ ಪಕ್ಕದ ಮನೆಯ ನಾಯಿಯನ್ನು ಚಿರತೆ ಅಂಗಳದಿಂದಲೇ ಎತ್ತಿಕೊಂಡು ಹೋಯಿತು. ಸಾಕುಪ್ರಾಣಿಯ ಮೈಯಲ್ಲಿ ಸೇರಿಸಿದ ಚಿಪ್ ಗುರುತಿಸಿ ತೆರೆಯುವ ಬಾಗಿಲು ತಂದರೆ ಎಲ್ಲಕ್ಕೂ ಪರಿಹಾರ ಎಂದು ಬೆಂಗಳೂರಿನಲ್ಲಿರುವ ಮಗ ಹೇಳುತ್ತಾನೆ. ಅತ್ತೆಯವರಿಗೆ ಬಾಗಿಲಿಗೆ ತೂತು ಮಾಡುವುದೇ ಸರಿ ಕಾಣುತ್ತಿಲ್ಲ. ಕರಿಯ ಊರ ನಾಯಿ, ಹೆಗಲಿನ ಹತ್ತಿರ 52 ಸೆಂಟಿಮೀಟರ್ ಎತ್ತರವಿದ್ದಾನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಯಿ, ಬೆಕ್ಕಿಗಿಂತ ಮೊದಲು ನನಗೆ ಕಂಡವರು ನಿಮ್ಮ ಅತ್ತೆ. ಮಂಡಿನೋವಿನವರು ದಿನಕ್ಕೆ ಇಪ್ಪತ್ತು ಸಲ ಎದ್ದು ಕೂರುವುದು, ಅದರಲ್ಲೂ ಮಳೆಗಾಲದ ಒದ್ದೆ ನೆಲದ ಮೇಲೆ, ಅಪಾಯದ ಕೆಲಸ. ಆದ್ದರಿಂದ ಕಂಡಿ ಬೇಕೇ ಬೇಡವೇ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಬೇಕು. ಅದು ಎಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದಷ್ಟೇ ಪ್ರಶ್ನೆ.

ಮಲೆನಾಡಿನಲ್ಲಿ ಮನೆ ಕಟ್ಟಿಸುವ ಕೆಲಸದಲ್ಲಿ ನನಗೆ ಇಪ್ಪತ್ತಾರು ವರ್ಷವಾಯಿತು. ಈ ಅವಧಿಯಲ್ಲಿ ಇಂಥ ಕಂಡಿಗಳನ್ನು ಹಲವು ಮನೆಗಳಿಗೆ ಮಾಡಿಸಿದ್ದೇನೆ, ಕೆಲವನ್ನು ಮುಚ್ಚಿಸಿಯೂ ಇದ್ದೇನೆ. ಅದರಿಂದ ಕಲಿತದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಸಿಗುವ ಫ್ಲ್ಯಾಪ್ ಬಾಗಿಲಲ್ಲ, ಪರದೆ. ಅದು ಗಾಳಿ, ನೊಣ, ಒಂದಿಷ್ಟು ಮಳೆ ತಡೆಯುತ್ತದೆ. ಕಳ್ಳರನ್ನು, ಚಿರತೆಯನ್ನು ತಡೆಯಲು ಅದರ ಹಿಂದೆ ಗಟ್ಟಿಯಾದ ಇನ್ನೊಂದು ಕದ ಬೇಕು, ಕತ್ತಲಾಗುವ ಮೊದಲು ಅದಕ್ಕೆ ಅಗುಳಿ ಬೀಳಬೇಕು. ಆ ರಾತ್ರಿಯ ಕದವನ್ನು ಮೊದಲು ಯೋಚಿಸಿ, ಹಗಲಿನ ಫ್ಲ್ಯಾಪನ್ನು ಆಮೇಲೆ ಆರಿಸಿ. ಜನ ಮಾಡುವುದು ಇದರ ತಿರುವುಮುರುವು: ಫ್ಲ್ಯಾಪ್ ಕೊಂಡು ತಂದು, ಅದಕ್ಕೆ ತಕ್ಕಂತೆ ಬಾಗಿಲು ಕತ್ತರಿಸಿ, ಮೊದಲ ಮಳೆಗೆ ಅಥವಾ ಮೊದಲ ಭಯಕ್ಕೆ ಹಳೇ ಗೋಣಿಚೀಲ ತುರುಕುತ್ತಾರೆ.

ಚಿರತೆಯಿಂದಲೇ ಶುರು ಮಾಡೋಣ, ಏಕೆಂದರೆ ಉಳಿದೆಲ್ಲ ತಪ್ಪುಗಳನ್ನು ತಿದ್ದಬಹುದು, ಇದೊಂದನ್ನು ತಿದ್ದಲಾಗದು. ಮನುಷ್ಯರ ವಸತಿಯ ಸುತ್ತ ಬದುಕುವ ಚಿರತೆಗಳಿಗೆ ನಾಯಿ ಮುಖ್ಯ ಆಹಾರ. ಮಹಾರಾಷ್ಟ್ರದ ಅಕೋಲೆ ಭಾಗದಲ್ಲಿ ಚಿರತೆಗಳ ಹಿಕ್ಕೆ ಪರೀಕ್ಷಿಸಿ ನಡೆಸಿದ ಅಧ್ಯಯನದಲ್ಲಿ ಅವುಗಳ ಆಹಾರದ ದೊಡ್ಡ ಪಾಲು ಸಾಕುನಾಯಿ, ಬೀದಿನಾಯಿಗಳದ್ದೇ ಆಗಿತ್ತು. ‘ಮನೆಯೊಳಗೆ ಬರುವಷ್ಟು ಧೈರ್ಯ ಅದಕ್ಕೆಲ್ಲಿದೆ’ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ನಾಯಿಯನ್ನು ಅಟ್ಟಿಸಿಕೊಂಡು ಬಂದ ಚಿರತೆ ಧೈರ್ಯ ಅಳೆದು ನೋಡುವುದಿಲ್ಲ, ನಾಯಿ ನುಗ್ಗಿದ ಕಡೆ ತಾನೂ ನುಗ್ಗುತ್ತದೆ. ಕರಿಯ ಹಿಡಿಸುವ ಕಂಡಿಯಲ್ಲಿ ಚಿರತೆಯೂ ಹಿಡಿಸುತ್ತದೆ. ಒಳಗೆ ಬಂದ ಮೇಲೆ ದಾರಿ ತಪ್ಪಿ, ಗಾಬರಿ ಬಿದ್ದು, ಅದು ಏನು ಮಾಡೀತು ಎಂದು ಹೇಳಲಾಗದು. ಆ ಮನೆಯಲ್ಲಿ ಓಡಲಾಗದ ಹಿರಿಯರೊಬ್ಬರು ಇದ್ದಾರೆ ಎಂಬುದನ್ನು ನೆನಪಿಡಿ.

ಹಾಗಾಗಿ ನಾಯಿಯ ಕಂಡಿ ಹಗಲಿನದು ಮಾತ್ರ. ಸಂಜೆ ದೀಪ ಹಚ್ಚುವ ಮೊದಲು ಕರಿಯ ಒಳಗಿರಬೇಕು, ಕದ ಮುಚ್ಚಿರಬೇಕು, ಬೆಳಗ್ಗೆ ಚೆನ್ನಾಗಿ ಬೆಳಕು ಹರಿಯುವವರೆಗೆ ತೆರೆಯಬಾರದು. ‘ನಾಯಿ ಒಳಗೆ ಮಲಗಿದರೆ ಮನೆ ಕಾಯುವವರು ಯಾರು’ ಎಂದು ಅನೇಕರು ಕೇಳುತ್ತಾರೆ. ಒಳಗಿನಿಂದ ಬೊಗಳಿದರೂ ನಿಮಗೆ ಎಚ್ಚರವಾಗುತ್ತದೆ, ನಾಯಿಯೂ ಉಳಿಯುತ್ತದೆ.

ಇನ್ನು ಅತ್ತೆಯವರ ಮಾತು. ಹೊಸ್ತಿಲ ಬಾಗಿಲಿಗೆ ಕಂಡಿ ಕೊರೆಯಬಾರದು ಎಂಬ ಅವರ ಅಭಿಪ್ರಾಯವನ್ನು ನಂಬಿಕೆಯ ಮಾತು ಎಂದು ಬದಿಗೆ ಸರಿಸಬೇಡಿ. ಕಟ್ಟಡದ ಲೆಕ್ಕದಲ್ಲೂ ಅವರು ಹೇಳುವುದೇ ಸರಿ. ಹಲಗೆ ಕೂರಿಸಿದ ಮರದ ಬಾಗಿಲಿನ ಶಕ್ತಿಯೆಲ್ಲ ಅದರ ಸುತ್ತಲಿನ ಚೌಕಟ್ಟಿನಲ್ಲಿದೆ. ಅದರಲ್ಲೂ ಕೆಳಗಿನ ಅಗಲವಾದ ಅಡ್ಡಪಟ್ಟಿ ಇಡೀ ಕದವನ್ನು ಚೌಕವಾಗಿ ಹಿಡಿದಿಟ್ಟಿರುತ್ತದೆ. ಬುಡದಲ್ಲಿ ಕಂಡಿ ಕೊರೆಯುವುದೆಂದರೆ ಬಡಗಿ ಆ ಪಟ್ಟಿಯನ್ನೇ ಕತ್ತರಿಸಬೇಕು. ಒಂದೆರಡು ವರ್ಷದಲ್ಲಿ ಕದ ಜೋತುಬಿದ್ದು ಹೊಸ್ತಿಲಿಗೆ ಉಜ್ಜತೊಡಗುತ್ತದೆ. ಪಟ್ಟಿ ಬಿಟ್ಟು ನಡುವಿನ ಹಲಗೆಯಲ್ಲಿ ಮಾತ್ರ ಕೊರೆಯೋಣವೆಂದರೆ ಕರಿಯನ ಅಗಲಕ್ಕೆ ಅಲ್ಲಿ ಜಾಗ ಸಾಲುವುದು ಕಷ್ಟ.

ನಿಮ್ಮ ಹಿತ್ತಿಲ ಬಾಗಿಲು, ತುಂಡು ಮರದ ಎರಡೂ ಮೈಗೆ ತೆಳು ಹಾಳೆ ಅಂಟಿಸಿದ ಪ್ಲೈವುಡ್ಡಿನ ಫ್ಲಶ್ ಬಾಗಿಲಾಗಿದ್ದರಂತೂ ಕೈ ಹಚ್ಚಲೇಬೇಡಿ. ಇದನ್ನು ನಾನೇ ಮಾಡಿ ಪಶ್ಚಾತ್ತಾಪ ಪಟ್ಟಿದ್ದೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ ಸಾಗರದ ಹತ್ತಿರದ ಮನೆಯೊಂದರಲ್ಲಿ ಬೆಕ್ಕಿಗಾಗಿ ಫ್ಲಶ್ ಬಾಗಿಲು ಕತ್ತರಿಸಿ ಪ್ಲಾಸ್ಟಿಕ್ ಚೌಕಟ್ಟು ಕೂರಿಸಿಕೊಟ್ಟೆ. ಮೇ ತಿಂಗಳಲ್ಲಿ ನೋಡಲು ಅಚ್ಚುಕಟ್ಟಾಗಿತ್ತು. ಆಗಸ್ಟ್‌ನಲ್ಲಿ ಆ ಮನೆಯವರು ಕರೆಸಿದರು. ಕತ್ತರಿಸಿದ ಅಂಚಿನೊಳಗಿನ ತುಂಡು ಮರ ನೀರು ಕುಡಿದು ಉಬ್ಬಿತ್ತು, ಮೇಲಿನ ಪದರ ಹಪ್ಪಳದಂತೆ ಎದ್ದಿತ್ತು, ಬೆರಳಿಟ್ಟು ಒತ್ತಿದರೆ ಕಂದು ನೀರು ಜಿನುಗುತ್ತಿತ್ತು. ಬಾಗಿಲು ದಾರಂದಕ್ಕೆ ಸಿಕ್ಕಿಕೊಂಡು ಚಿಲಕ ಬೀಳುತ್ತಿರಲಿಲ್ಲ. ಸಣ್ಣ ಮಕ್ಕಳಿದ್ದ ಆ ಮನೆಯವರು ಎರಡು ವಾರ ಬಾಗಿಲಿಗೆ ಮೇಜು ಒರಗಿಸಿ ಮಲಗಿದ್ದರು. ಕತ್ತರಿಸಿದ ನಾಲ್ಕೂ ಅಂಚುಗಳಿಗೆ ಗಟ್ಟಿಮರದ ಪಟ್ಟಿ ಅಂಟಿಸಿ, ಬಣ್ಣ ಹಚ್ಚಿ ಮುಚ್ಚಬೇಕೆಂಬ ಪಾಠ ನನಗೆ ಬಂದದ್ದು ಹೀಗೆ.

ಹಾಗಾದರೆ ಎಲ್ಲಿ? ಗೋಡೆಯಲ್ಲಿ. ಯಾವ ಗೋಡೆ ಎನ್ನುವುದನ್ನು ಮಳೆ ಹೇಳುತ್ತದೆ. ಆಗುಂಬೆ ಇರುವುದು ನಿಮ್ಮ ತಾಲ್ಲೂಕಿನಲ್ಲೇ, ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಾಗ. ಆದರೆ ಕಂಡಿಯ ಮಟ್ಟಿಗೆ ಮಳೆಯ ಮೊತ್ತಕ್ಕಿಂತ ಎರಚಲು ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ನೈಋತ್ಯ, ಪಶ್ಚಿಮದಿಂದ ಬೀಸುತ್ತದೆ. ಮಳೆಗಾಲಕ್ಕೆ ಮೊದಲು ನಮ್ಮ ಹಿರಿಯರು ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಯಾವ ದಿಕ್ಕಿನ ಜಗಲಿಗೆ ಎಂದು ಅತ್ತೆಯವರನ್ನೇ ಕೇಳಿ. ಆ ದಿಕ್ಕಿನಲ್ಲಿ ಕಂಡಿ ಬೇಡ. ಬಡಗಿ ಹೇಳಿದ ಜಾಗ ಸರಿಯಾಗಿ ಅದೇ.

ಗಾಳಿ ಫ್ಲ್ಯಾಪನ್ನು ಎಷ್ಟು ಜೋರಾಗಿ ತಳ್ಳುತ್ತದೆ ಎಂದು ಲೆಕ್ಕ ಹಾಕಬಹುದು. ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ನೇರವಾಗಿ ಬೀಸಿದರೆ, 30 ಸೆಂಟಿಮೀಟರ್ ಅಗಲ, 42 ಸೆಂಟಿಮೀಟರ್ ಎತ್ತರದ ಫ್ಲ್ಯಾಪಿನ ಮೇಲೆ ಹೆಚ್ಚುಕಡಿಮೆ 1 ಕೆ.ಜಿ. ತೂಕದಷ್ಟು ಒತ್ತಡ ಬೀಳುತ್ತದೆ. ಬೆಕ್ಕಿನ ಫ್ಲ್ಯಾಪ್ 15 ಸೆಂಟಿಮೀಟರ್ ಅಗಲ, 18 ಸೆಂಟಿಮೀಟರ್ ಎತ್ತರ ಇದ್ದರೆ ಅದೇ ಗಾಳಿಗೆ ಬೀಳುವುದು ಸುಮಾರು 200 ಗ್ರಾಂ. ಫ್ಲ್ಯಾಪಿನ ಅಂಚಿನಲ್ಲಿರುವ ಅಯಸ್ಕಾಂತ ಚಿಕ್ಕದನ್ನು ಹಿಡಿದೀತು. ದೊಡ್ಡದನ್ನು ಹಿಡಿಯುವಷ್ಟು ಬಲವಾದ ಅಯಸ್ಕಾಂತ ಹಾಕಿದರೆ ನಾಯಿಯೇ ತಳ್ಳಲು ಅಂಜುತ್ತದೆ. ‘ಅಯಸ್ಕಾಂತ ಇದೆ, ಗಾಳಿಮಳೆಗೆ ಜಗ್ಗುವುದಿಲ್ಲ’ ಎಂದು ಡಬ್ಬದ ಮೇಲೆ ಬರೆದದ್ದು ಬೆಕ್ಕಿನ ಕಂಡಿಗೆ ತಕ್ಕಮಟ್ಟಿಗೆ ನಿಜ, ನಾಯಿಯ ಕಂಡಿಗೆ ಅಲ್ಲ. ದೊಡ್ಡ ಕಂಡಿಗೆ ಗಾಳಿಯ ಮರೆಯೇ ಮದ್ದು: ಪೂರ್ವ ಅಥವಾ ಉತ್ತರದ ಗೋಡೆ, ಮೇಲೆ ಒಂದು ಮೀಟರಾದರೂ ಚಾಚಿದ ಸೂರು.

ನಿಮ್ಮ ಮನೆಯ ಪೂರ್ವಕ್ಕೋ ಉತ್ತರಕ್ಕೋ ಗ್ರಿಲ್ ಹಾಕಿದ ಜಗಲಿ ಇದ್ದರೆ ಕಣ್ಣು ಮುಚ್ಚಿ ಅದನ್ನೇ ಆರಿಸಿ. ಮನೆಯ ಗೋಡೆಯಲ್ಲಿ ಒಂದು ಕಂಡಿ, ಜಗಲಿಯ ಗ್ರಿಲ್‌ನಲ್ಲಿ ಇನ್ನೊಂದು, ಎರಡೂ ಎದುರುಬದುರು ಬಾರದಂತೆ. ನಡುವೆ ಕಾಲು ಒರೆಸಿಕೊಳ್ಳಲು ದಪ್ಪ ನಾರಿನ ಚಾಪೆ. ಎರಚಲು ಬಂದರೂ ಜಗಲಿಯಲ್ಲೇ ನಿಲ್ಲುತ್ತದೆ, ಮಂಗ ಬಂದರೂ ಅಲ್ಲೇ ಕಣ್ಣಿಗೆ ಬೀಳುತ್ತದೆ, ಅತ್ತೆಯವರಿಗೆ ಕೂತಲ್ಲಿಂದಲೇ ಗದರಿಸಲು ಸಮಯ ಸಿಗುತ್ತದೆ. ಜಗಲಿ ಇಲ್ಲದಿದ್ದರೆ ಗೋಡೆಯ ದಪ್ಪವೇ ನಿಮ್ಮ ನೆರವಿಗೆ ಬರುತ್ತದೆ. ಜಂಬಿಟ್ಟಿಗೆ ಕಲ್ಲಿನ ಗೋಡೆಗೆ ಗಿಲಾವು ಸೇರಿ ಒಂದು ಗೇಣಿನಷ್ಟು ದಪ್ಪ ಇರುತ್ತದೆ. ಆ ಸುರಂಗದ ಹೊರ ಬಾಯಿಗೆ ಒಂದು ಫ್ಲ್ಯಾಪ್, ಒಳ ಬಾಯಿಗೆ ಒಂದು. ಹೊರಗಿನದು ಗಾಳಿಗೆ ಅಲುಗಾಡಿದರೂ ಒಳಗಿನದು ಸುಮ್ಮನಿರುತ್ತದೆ.

ಮೇಸ್ತ್ರಿಯವರಿಗೆ ಹೇಳಬೇಕಾದದ್ದು ಇಷ್ಟು. ಕಂಬ, ತೊಲೆ ಇರುವಲ್ಲಿ ಉಳಿ ಇಡಬಾರದು, ವಿದ್ಯುತ್ ಪೈಪು ಎಲ್ಲಿ ಹಾದುಹೋಗಿದೆ ನೋಡಿಕೊಳ್ಳಬೇಕು. ಕಲ್ಲಿನ ಗೋಡೆಯಾದರೆ ಕಂಡಿಯ ಮೇಲೆ ಸಣ್ಣದೊಂದು ಕಾಂಕ್ರೀಟ್ ಪಟ್ಟಿ ಕೂರಿಸಲೇಬೇಕು, ಮಣ್ಣಿನ ಗೋಡೆಯಾದರೆ ಇನ್ನೂ ಹೆಚ್ಚು ಜಾಗ್ರತೆ. ಸುರಂಗದ ತಳ ಹೊರಗಡೆಗೆ ಇಳಿಜಾರಾಗಿರಬೇಕು, 10 ಸೆಂಟಿಮೀಟರಿಗೆ 1 ಸೆಂಟಿಮೀಟರ್ ಇಳಿದರೆ ಸಾಕು. ಆ ತಳ ಗೋಡೆಯಿಂದ ಎರಡು ಬೆರಳು ಹೊರಗೆ ಚಾಚಿ, ಚಾಚಿದ ಭಾಗದ ಅಡಿಯಲ್ಲಿ ಬೆರಳು ಕೂರುವಷ್ಟು ಅಗಲದ ಒಂದು ಗೀರುಗಾಲುವೆ ಇರಬೇಕು. ಈ ಗೀರನ್ನು ಮೇಸ್ತ್ರಿಗಳು ಬೇಡವೆನ್ನುತ್ತಾರೆ, ನೀವು ಬಿಡಬೇಡಿ. ಅದು ಇಲ್ಲದಿದ್ದರೆ ನೀರು ಅಂಚಿನಿಂದ ಕೆಳಗೆ ಬೀಳುವ ಬದಲು ಅಡಿಮೈಗೆ ಅಂಟಿಕೊಂಡು ಹಿಂದಕ್ಕೆ ಹರಿದು ಗೋಡೆಯೊಳಗೆ ಇಂಗುತ್ತದೆ. ಒಳಗೋಡೆಯಲ್ಲಿ ಕಂಡಿಯ ಕೆಳಗೆ ಕಪ್ಪು ಬೂಷ್ಟು ಕಂಡರೆ ಈ ಗೀರು ಇಲ್ಲವೆಂದೇ ಅರ್ಥ.

ಚೌಕಟ್ಟು ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ. ಮರವೇ ಬೇಕೆಂದರೆ ಚೆನ್ನಾಗಿ ಒಣಗಿದ ತೇಗ ಅಥವಾ ಹಲಸು, ಸುತ್ತ ಮೂರು ಮಿಲಿಮೀಟರ್ ಸಡಿಲ ಬಿಟ್ಟು. ಮರ ಉದ್ದಕ್ಕೆ ಹಿಗ್ಗುವುದು ಕಡಿಮೆ, ಅಡ್ಡಕ್ಕೆ ಹಿಗ್ಗುವುದು ಬಹಳ. ಬೇಸಗೆಯಲ್ಲಿ ಬಿಗಿಯಾಗಿ ಕೂರಿಸಿದ್ದು ಜುಲೈನಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಫ್ಲ್ಯಾಪಿಗೆ ಪಾಲಿಕಾರ್ಬೊನೇಟ್ ಹಾಳೆ ಒಳ್ಳೆಯದು, ನಾಯಿ ಡಿಕ್ಕಿ ಹೊಡೆದರೂ ಒಡೆಯುವುದಿಲ್ಲ. ಅಕ್ರಿಲಿಕ್ ನೋಡಲು ಹಾಗೆಯೇ ಇರುತ್ತದೆ, ಆದರೆ ಚೂಪಾಗಿ ಒಡೆಯುತ್ತದೆ. ಕರಾವಳಿಯ ಓದುಗರು ಇದನ್ನು ಅನುಸರಿಸುವುದಾದರೆ ತಿರುಪು, ಕೀಲುಗಳಿಗೆ 316 ದರ್ಜೆಯ ಸ್ಟೀಲ್ ಕೇಳಿ ತನ್ನಿ. ಸಾಮಾನ್ಯ 304 ಉಪ್ಪುಗಾಳಿಗೆ ಬೇಗ ಚುಕ್ಕೆ ಬೀಳುತ್ತದೆ.

ಅಳತೆಯ ವಿಚಾರ. ಕರಿಯನ ಎದೆಯ ಅಗಲವನ್ನು, ಅತಿ ದಪ್ಪ ಇರುವ ಕಡೆ, ಅಳೆದು ಅದಕ್ಕೆ 6ರಿಂದ 8 ಸೆಂಟಿಮೀಟರ್ ಸೇರಿಸಿ. ಅವನ ಎತ್ತರದ ಊರ ನಾಯಿಗಳಿಗೆ ಎದೆ 22 ಸೆಂಟಿಮೀಟರ್ ಆಸುಪಾಸು ಇರುವುದರಿಂದ 30 ಸೆಂಟಿಮೀಟರ್ ಅಗಲ ಸಾಕಾದೀತು. ಕಂಡಿಯ ಮೇಲಂಚು ಹೆಗಲಿಗಿಂತ 5 ಸೆಂಟಿಮೀಟರ್ ಮೇಲೆ, ಅಂದರೆ ನೆಲದಿಂದ 57ಕ್ಕೆ. ಕೆಳಂಚು ನೆಲದಿಂದ 15ಕ್ಕೆ. ನಾಯಿ ತಲೆ ತಗ್ಗಿಸಿ ಹೋಗುತ್ತದೆ, ಕಂಡಿ ಅದರ ಪೂರ್ತಿ ಎತ್ತರಕ್ಕೆ ಇರಬೇಕಾಗಿಲ್ಲ. ದೊಡ್ಡದಾದಷ್ಟೂ ಮಳೆಯೂ ಭಯವೂ ಹೆಚ್ಚು. ಮುಧೋಳದ ನಾಯಿ ಸಾಕಿದವರು ಮಾತ್ರ ಈ ಲೆಕ್ಕ ಬದಲಿಸಬೇಕು. ಅದು ಎತ್ತರ, ಎದೆ ಆಳ, ಮೈ ಸಪೂರ. ಅದಕ್ಕೆ ಅಗಲ ಇಷ್ಟೇ ಇರಲಿ, ಎತ್ತರ ಹೆಚ್ಚಿಸಿ. ಗೋಡೆ ಒಡೆಯುವ ಮೊದಲು ರಟ್ಟಿನ ದೊಡ್ಡ ಪೆಟ್ಟಿಗೆಯಲ್ಲಿ ಇದೇ ಅಳತೆಯ ಕಂಡಿ ಕತ್ತರಿಸಿ, ಬಾಗಿಲಿಗೆ ಅಡ್ಡವಿಟ್ಟು, ಆಚೆ ಒಂದು ತುಂಡು ರೊಟ್ಟಿ ಹಿಡಿದು ಕರಿಯನನ್ನು ಕರೆಯಿರಿ. ಬೆನ್ನು ತಗುಲುತ್ತದೆಯೇ, ಹಿಂಗಾಲು ಎತ್ತಲು ಒದ್ದಾಡುತ್ತಾನೆಯೇ ಎಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಈಗ ಆ ರಾತ್ರಿಯ ಕದ. 18 ಮಿಲಿಮೀಟರ್ ದಪ್ಪದ, ನೀರು ತಾಳುವ ಮೆರೈನ್ ಪ್ಲೈವುಡ್ಡಿನ ಒಂದು ಮರಿ ಬಾಗಿಲು, ಹೊರಮುಖಕ್ಕೆ ತೆಳು ಸ್ಟೀಲ್ ತಗಡು, ಮನೆಯ ಒಳಗಡೆ ಕೀಲಿನ ಮೇಲೆ ತೆರೆಯುವಂತೆ. ಸರಿಸಿ ಹಾಕುವ ಲೋಹದ ಚಿಲಕ, ಅಂದರೆ ಟವರ್ ಬೋಲ್ಟ್ ಒಂದನ್ನೇ ನೆಚ್ಚಬೇಡಿ, ಹೊರಗಿನಿಂದ ಬಲವಾಗಿ ಗುದ್ದಿದರೆ ಅದರ ಸಣ್ಣ ತಿರುಪುಗಳು ಕಿತ್ತುಬರುತ್ತವೆ. ಹಳೆಯ ಮನೆಗಳ ಹೆಬ್ಬಾಗಿಲಿಗೆ ಇರುತ್ತಿದ್ದಂತೆ ಅಡ್ಡಲಾಗಿ ಬೀಳುವ ಮರದ ಅಗುಳಿ ಮಾಡಿಸಿ, ಅದು ಕೂರುವ ಎರಡು ಕಬ್ಬಿಣದ ಕೊಕ್ಕೆಗಳನ್ನು ಕದಕ್ಕಲ್ಲ, ಅಕ್ಕಪಕ್ಕದ ಗೋಡೆಗೆ ಉದ್ದನೆಯ ಬೋಲ್ಟ್ ಹಾಕಿ ಹಿಡಿಸಿ. ಹೊರಗಿನಿಂದ ತಳ್ಳುವ ಬಲವೆಲ್ಲ ಆಗ ಗೋಡೆಗೆ ಹೋಗುತ್ತದೆ. ಅಗುಳಿ ಕದದ ಮೇಲ್ಭಾಗದಲ್ಲಿ, ನೆಲದಿಂದ 50 ಸೆಂಟಿಮೀಟರ್ ಹತ್ತಿರ ಇದ್ದರೆ ಅತ್ತೆಯವರು ಬಗ್ಗದೆ ಕುರ್ಚಿಯಲ್ಲಿ ಕೂತೇ ಹಾಕಬಹುದು. ನೀವು ಸಂತೆಯಿಂದ ಬರುವುದು ತಡವಾದ ದಿನ ಅವರೊಬ್ಬರೇ ಅದನ್ನು ಮುಚ್ಚಬಲ್ಲವರಾಗಿರಬೇಕು. ಅವರಿಂದ ಆಗದಿದ್ದರೆ ಆ ಕದ ನಿಮ್ಮ ಮನೆಗೆ ತಕ್ಕುದಲ್ಲ. ಕೆಲಸ ಮುಗಿದ ದಿನ ಅವರ ಕೈಯಿಂದಲೇ ನಾಲ್ಕು ಸಲ ಹಾಕಿಸಿ, ತೆಗೆಸಿ ನೋಡಿ.

ಕಳ್ಳರ ವಿಚಾರವನ್ನು ಇದೇ ಕದ ಬಹುಪಾಲು ಮುಗಿಸುತ್ತದೆ. 30 ಸೆಂಟಿಮೀಟರ್ ಅಗಲ, 42 ಸೆಂಟಿಮೀಟರ್ ಎತ್ತರದಲ್ಲಿ ಸಪೂರ ಆಳು ನುಸುಳಬಲ್ಲ, ಅದನ್ನು ಮುಚ್ಚಿಟ್ಟು ಹೇಳಲಾರೆ. ಮನೆಗೆ ಬೀಗ ಹಾಕಿ ಎಲ್ಲರೂ ಹೊರಡುವ ದಿನ ಹಗಲಾದರೂ ಅಗುಳಿ ಬೀಳಲಿ. ಬೆಕ್ಕಿನ ಕಂಡಿಯಲ್ಲಿ ಆಳು ಬರಲಾರ, ಆದರೆ ಕೈ ಬರುತ್ತದೆ. ಕಂಡಿಯಿಂದ ಕೈ ತೂರಿಸಿ ಒಳಗಿನ ಚಿಲಕ ಸರಿಸುವುದೇ ಅಲ್ಲಿರುವ ಅಪಾಯ. ಆದ್ದರಿಂದ ಯಾವ ಚಿಲಕ, ಬೀಗದಿಂದಲೂ ಕಂಡಿ ಒಂದು ಮೀಟರ್ ದೂರವಿರಲಿ, ಬೀಗದಕೈ ಗೊಂಚಲು ಅದರ ಹತ್ತಿರದ ಮೊಳೆಗೆ ನೇತುಹಾಕುವ ಅಭ್ಯಾಸವಿದ್ದರೆ ಬಿಡಿ.

ಹಾವಿನ ಬಗ್ಗೆ ಎಲ್ಲರಿಗೂ ಇರುವ ಭಯ ನನಗೂ ಇದೆ. ಮೊದಲು ಎರಡು ತಪ್ಪು ತಿಳಿವಳಿಕೆ ಬಿಡೋಣ. ಬೆಳ್ಳುಳ್ಳಿ ನೀರು, ಫಿನೈಲ್, ಆಸಿಡ್ ಸುತ್ತ ಹಾಕಿದರೆ ಹಾವು ಬರುವುದಿಲ್ಲ ಎಂಬುದಕ್ಕೆ ಆಧಾರವಿಲ್ಲ. ಫಿನೈಲ್, ಆಸಿಡ್ ನಿಮ್ಮ ನಾಯಿಯ ಪಾದ, ಬೆಕ್ಕಿನ ನಾಲಿಗೆ ಸುಡಬಲ್ಲವು ಎಂಬುದಂತೂ ಖಚಿತ. ಇನ್ನೊಂದು, ಕೆಳಂಚು 15 ಸೆಂಟಿಮೀಟರ್ ಎತ್ತರದಲ್ಲಿದೆ, ಹಾವು ಹತ್ತಲಾರದು ಎಂಬ ಸಮಾಧಾನ. ನಾಗರಹಾವಿಗೆ, ಕೇರೆಗೆ ಅದೊಂದು ಲೆಕ್ಕವೇ ಅಲ್ಲ. ಆ ಎತ್ತರ ನೆಲದ ನೀರಿಗಾಗಿ, ಹಾವಿಗಾಗಿ ಅಲ್ಲ.

ಹಾವು ಬರುವುದು ಕಂಡಿ ಇದೆಯೆಂದಲ್ಲ, ಊಟ ಇದೆಯೆಂದು. ಕಂಡಿಯ ಮೇಲೆ ಬಲ್ಬ್ ಹಾಕುತ್ತೀರಿ, ಬೆಳಕಿಗೆ ಹುಳು ಬರುತ್ತವೆ, ಹುಳುವಿಗೆ ಕಪ್ಪೆ, ಕಪ್ಪೆಗೆ ಹಾವು. ಕಂಡಿಯ ಪಕ್ಕ ನಾಯಿಯ ಅನ್ನದ ತಟ್ಟೆ ಇಡುತ್ತೀರಿ, ಉದುರಿದ ಅನ್ನಕ್ಕೆ ಇಲಿ ಬರುತ್ತದೆ, ಇಲಿಯ ಜಾಡು ಹಿಡಿದು ಇನ್ನೊಂದು ಹಾವು. ನಿಮ್ಮ ಭಾಗದಲ್ಲಿ ಈ ಸಾಲಿನ ಕೊನೆಗೆ ಕೇರೆಯ ಬೆನ್ನು ಹಿಡಿದ ಕಾಳಿಂಗವೂ ಇರಬಹುದು. ಬಲ್ಬನ್ನು ಕಂಡಿಯಿಂದ ದೂರಕ್ಕೆ ಸರಿಸಿ, ಊಟದ ತಟ್ಟೆ ಒಳಗಿಟ್ಟು ಉಂಡ ಕೂಡಲೇ ತೊಳೆಯಿರಿ, ಹೊರಗೋಡೆಗೆ ಒರಗಿಸಿದ ಸೌದೆ, ಹಂಚಿನ ರಾಶಿ, ಅಡಿಕೆ ಸಿಪ್ಪೆ ತೆಗೆಸಿ. ಫ್ಲ್ಯಾಪಿನ ಸುತ್ತ ನೈಲಾನ್ ಕುಂಚದ ಗಟ್ಟಿ ಪಟ್ಟಿ ಅಂಟಿಸಿ, ಸಂದು 5 ಮಿಲಿಮೀಟರಿಗಿಂತ ಹೆಚ್ಚಿರದಂತೆ ನೋಡಿಕೊಳ್ಳಿ. ಹಗಲು ಇಷ್ಟು ಮಾಡಿ, ಕಟ್ಟುಹಾವಿನಂಥವು ಸಂಚರಿಸುವ ರಾತ್ರಿಯಲ್ಲಿ ಗಟ್ಟಿ ಕದ ಮುಚ್ಚಿದರೆ, ಕಂಡಿಯಿಂದ ಹಾವು ಬರುವ ಸಾಧ್ಯತೆ ತೆರೆದ ಬಾಗಿಲಿಗಿಂತ ಬಹಳ ಕಡಿಮೆ. ಸೊನ್ನೆ ಎಂದು ನಾನು ಹೇಳುವುದಿಲ್ಲ. ಬೆಕ್ಕು ಅರೆಜೀವದ ಹಾವು ಕಚ್ಚಿಕೊಂಡು ಬರುವುದನ್ನು ಯಾವ ಬಾಗಿಲೂ ತಡೆಯದು. ಅತ್ತೆಯವರ ಕೈಗೆ ಎಟುಕುವಲ್ಲಿ ಒಂದು ಟಾರ್ಚ್ ಮತ್ತು ಮೊಬೈಲ್ ಸದಾ ಇರಲಿ.

ಮಗ ಹೇಳಿದ ಚಿಪ್ ಬಾಗಿಲಿಗೆ ಬರುತ್ತೇನೆ. ಅದು ಒಳ್ಳೆಯ ಸಾಧನವೇ, ಆದರೆ ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ತಿಳಿದು ಕೊಳ್ಳಬೇಕು. ಪಶುವೈದ್ಯರು ಹೆಗಲೆಲುಬುಗಳ ನಡುವೆ ಚರ್ಮದಡಿ ಅಕ್ಕಿಕಾಳಿನಷ್ಟು ಗಾತ್ರದ ಚಿಪ್ ಸೇರಿಸುತ್ತಾರೆ. ಅದರಲ್ಲಿ 15 ಅಂಕಿಗಳ ಒಂದು ಸಂಖ್ಯೆ ಬಿಟ್ಟರೆ ಬೇರೇನಿಲ್ಲ, ಬ್ಯಾಟರಿಯೂ ಇಲ್ಲ. ಬಾಗಿಲು ಹತ್ತಿರದಿಂದ ಆ ಸಂಖ್ಯೆ ಓದಿ ಕೊಂಡಿ ಬಿಡಿಸುತ್ತದೆ. ಕಳೆದುಹೋದ ಬೆಕ್ಕು ಎಲ್ಲಿದೆ ಎಂದು ಮೊಬೈಲ್‌ನಲ್ಲಿ ತೋರಿಸುವ ಶಕ್ತಿ ಅದಕ್ಕಿಲ್ಲ. ಚಿನ್ನಿಗೆ ಇದು ತುಂಬ ಉಪಯುಕ್ತ: ಊರ ಗಂಡುಬೆಕ್ಕು ಒಳಗೆ ಬಂದು ಗಬ್ಬೆಬ್ಬಿಸುವುದು, ಹಾಲಿನ ಪಾತ್ರೆಗೆ ಪುನುಗಿನ ಬೆಕ್ಕು ಬಾಯಿ ಹಾಕುವುದು ತಪ್ಪುತ್ತದೆ. ಅಯಸ್ಕಾಂತದ ಫ್ಲ್ಯಾಪನ್ನು ಮಂಗ ಒಂದೆರಡು ದಿನದಲ್ಲಿ ಕಲಿತು ಉಗುರು ಸಿಕ್ಕಿಸಿ ಎತ್ತುತ್ತದೆ, ಚಿಪ್ ಕೊಂಡಿಯ ಎದುರು ಅದರ ಆಟ ಸುಲಭವಲ್ಲ. ಆದರೆ ಸಾಮಾನ್ಯವಾಗಿ ಸಿಗುವ ಚಿಪ್ ಬಾಗಿಲುಗಳು ಬೆಕ್ಕು ಮತ್ತು ಪುಟ್ಟ ನಾಯಿಗಳ ಗಾತ್ರದವು, ಕರಿಯ ಅದರಲ್ಲಿ ತೂರಲಾರ. ಹಲವು ಮಾದರಿಗಳು ಒಳಬರುವವರನ್ನು ಮಾತ್ರ ತಪಾಸಣೆ ಮಾಡುತ್ತವೆ, ಹೊರಹೋಗಲು ಎಲ್ಲರಿಗೂ ಬಿಡುತ್ತವೆ. ಬ್ಯಾಟರಿಯಿಂದ ನಡೆಯುವುದರಿಂದ ಕರೆಂಟ್ ಹೋದರೆ ತೊಂದರೆಯಿಲ್ಲ, ಆದರೆ ನಮ್ಮ ತೇವಕ್ಕೆ ಬ್ಯಾಟರಿಯ ಬಾಯಿಗೆ ಕಿಲುಬು ಹಿಡಿಯುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿ. ಕಬ್ಬಿಣದ ಬಾಗಿಲಿನಲ್ಲಿ, ತಗಡಿನ ಸುರಂಗದಲ್ಲಿ ಕೂರಿಸಿದರೆ ಅದು ಚಿಪ್ ಸರಿಯಾಗಿ ಓದುವುದಿಲ್ಲ ಎಂಬುದನ್ನೂ ಮಗನಿಗೆ ಹೇಳಿ.

ಚಿನ್ನಿಯ ಕಂಡಿಯನ್ನು ಕರಿಯನದರ ಪಕ್ಕದಲ್ಲಿ ಮಾಡಬೇಡಿ. ಬೆಕ್ಕಿಗೆ ನೆಗೆಯುವ ಶಕ್ತಿ ಇದೆ, ಅದನ್ನು ಬಳಸಿಕೊಳ್ಳಿ. ಕಿಟಕಿಯ ಪಕ್ಕದ ಗೋಡೆಯಲ್ಲಿ, ನೆಲದಿಂದ ಎದೆಯ ಎತ್ತರಕ್ಕೆ, ಹೊರಗೆ ಒಂದು ಗೇಣು ಅಗಲದ ಕಟ್ಟೆ ಕೊಟ್ಟು ಚಿಕ್ಕ ಕಂಡಿ ಮಾಡಿಸಿ. ಎರಚಲು ಅಷ್ಟು ಮೇಲಕ್ಕೆ ಬಡಿಯದಂತೆ ಮೇಲೊಂದು ಹಂಚಿನ ಮರೆ. ಚಿನ್ನಿಗೆ ವಯಸ್ಸಾಗಿದ್ದರೆ ಮಾತ್ರ ಇದು ಬೇಡ. ಬೆಕ್ಕನ್ನೂ ರಾತ್ರಿ ಒಳಗಿಡುವುದು ನನ್ನ ಸಲಹೆ, ಚಿರತೆ ಬೆಕ್ಕನ್ನೂ ಬಿಡುವುದಿಲ್ಲ.

ಕಂಡಿ ಬಂದ ಮೇಲೆ ಜನ ಗಮನಿಸದೆ ಬಿಡುವ ವಿಚಾರ ಒಂದಿದೆ. ಈವರೆಗೆ ಪ್ರತಿ ಸಲ ಬಾಗಿಲು ತೆಗೆದಾಗಲೂ ಅತ್ತೆಯವರು ಕರಿಯನನ್ನು ಒಮ್ಮೆ ನೋಡುತ್ತಿದ್ದರು. ಕುಂಟುತ್ತಿದ್ದಾನೆಯೇ, ಮೈಯೆಲ್ಲ ಕೆಸರೇ, ಗಾಯವೇ ಎಂದು. ಇನ್ನು ಅವನು ಯಾರ ಕಣ್ಣಿಗೂ ಬೀಳದೆ ಬಂದು ಮಂಚದಡಿ ಮಲಗುತ್ತಾನೆ. ಮಳೆಗಾಲದಲ್ಲಿ ನೆಲದ ಮೇಲೆ ರೂಪಾಯಿಯಗಲದ ರಕ್ತದ ಕಲೆ ಕಂಡರೆ ಗಾಬರಿಯಾಗಬೇಡಿ, ಹೆಚ್ಚಾಗಿ ಅದು ಬೆರಳ ಸಂದಿಯಿಂದ ಉದುರಿದ ಇಂಬಳದ (ಜಿಗಣೆಯ) ಕೆಲಸ. ಉಣುಗಿನ ವಿಚಾರ ಹಾಗಲ್ಲ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಜಿಲ್ಲೆಯದೇ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಅದನ್ನು ಹರಡುವುದು ಉಣುಗು. ಕಾಡಂಚಿನಲ್ಲಿ ಸುತ್ತಿ ಬರುವ ನಾಯಿ ಮೈಮೇಲೆ ಉಣುಗು ಹೊತ್ತು ತರಬಲ್ಲದು. ಡಿಸೆಂಬರ್‌ನಿಂದ ಮೇವರೆಗೆ ಸಂಜೆ ಕದ ಮುಚ್ಚಿದ ಕೂಡಲೇ ಕರಿಯನ ಕಿವಿಯೊಳಗೆ, ಕುತ್ತಿಗೆಯ ಅಡಿ, ಕಾಲ್ಬೆರಳ ಸಂದಿ ಕೈಯಾಡಿಸಿ ನೋಡಿ, ಕೈಗೆ ಕವಚ ಹಾಕಿಕೊಂಡು. ಉಣುಗಿನ ಔಷಧಿ, ರೇಬಿಸ್ ಲಸಿಕೆ ಎರಡನ್ನೂ ಪಶುವೈದ್ಯರು ಹೇಳಿದ ಅವಧಿಗೆ ತಪ್ಪಿಸಬೇಡಿ.

ಇಷ್ಟೆಲ್ಲ ಬೇಡ, ಖರ್ಚು ಜಾಸ್ತಿ ಎನಿಸಿದರೆ ಇನ್ನೊಂದು ದಾರಿಯೂ ಇದೆ. ನಾಯಿಗೆ ಕಂಡಿಯೇ ಬೇಡ. ಪೂರ್ವದ ಜಗಲಿಯಲ್ಲಿ ಅವನಿಗೆ ಒಣ ಹಾಸಿಗೆ, ನೀರು ಇಟ್ಟು ಹಗಲಿಡೀ ಹೊರಗಿರಲು ರೂಢಿ ಮಾಡಿ, ಸಂಜೆ ನೀವೇ ಒಳಗೆ ಕರೆದುಕೊಳ್ಳಿ. ಚಿನ್ನಿಗೆ ಮಾತ್ರ ಚಿಕ್ಕ ಕಂಡಿ. ಅತ್ತೆಯವರ ಓಡಾಟ ಇದರಿಂದಲೂ ಬಹಳ ತಗ್ಗುತ್ತದೆ, ಮನೆಗೆ ಅಪಾಯವಂತೂ ಇದರಲ್ಲೇ ಅತಿ ಕಡಿಮೆ. ಕರಿಯನಿಗೆ ಅತ್ತೆಯವರ ಪಕ್ಕದಲ್ಲೇ ಮಲಗುವ ಅಭ್ಯಾಸವಿದ್ದರೆ ಇದು ಅವನಿಗೂ ಅವರಿಗೂ ಕಷ್ಟವಾದೀತು, ಅದನ್ನು ತೂಗಿ ನೋಡಬೇಕಾದವರು ನೀವು. ಹಿತ್ತಿಲ ಬಾಗಿಲ ಬುಡ ಕೊರೆಯುವುದೊಂದನ್ನು ಮಾತ್ರ ಯಾವ ಲೆಕ್ಕದಲ್ಲೂ ನಾನು ಒಪ್ಪುವುದಿಲ್ಲ.

ಗೋಡೆಯ ಕೆಲಸ ಮೇ ಮಧ್ಯದೊಳಗೆ ಮುಗಿಯಲಿ. ಗಾರೆಗೆ ವಾರವಿಡೀ ನೀರುಣಿಸಬೇಕು, ಆಮೇಲೆ ಒಣಗಲು ಸಮಯ ಬೇಕು. ಫ್ಲ್ಯಾಪ್ ಕೂರಿಸಿದ ಮೊದಲ ನಾಲ್ಕು ದಿನ ಅದನ್ನು ದಾರದಿಂದ ಪೂರ್ತಿ ಮೇಲಕ್ಕೆ ಕಟ್ಟಿಡಿ, ಬರೀ ಕಂಡಿಯಲ್ಲಿ ಓಡಾಡಿ ಕರಿಯನಿಗೆ ಧೈರ್ಯ ಬರಲಿ. ಆಮೇಲೆ ಅರ್ಧ ಇಳಿಸಿ, ಮೂಗಿನಿಂದ ತಳ್ಳಿದಾಗ ತಿನ್ನಲು ಏನಾದರೂ ಕೊಡಿ. ಹಿಂದಿನಿಂದ ನೂಕಬೇಡಿ. ಒಮ್ಮೆ ಬಾಲಕ್ಕೆ ಬಡಿದು ಹೆದರಿದ ನಾಯಿ ತಿಂಗಳಾದರೂ ಹತ್ತಿರ ಹೋಗುವುದಿಲ್ಲ. ಎರಡು ವಾರ ತಾಳ್ಮೆ ಇರಲಿ.

ಕೊನೆಗೊಂದು ಪರೀಕ್ಷೆ ಇದೆ, ನಾನು ಪ್ರತಿ ಮನೆಯಲ್ಲೂ ಮಾಡಿಸುತ್ತೇನೆ. ಕತ್ತಲಾದ ಮೇಲೆ ಮನೆಯ ದೀಪಗಳನ್ನೆಲ್ಲ ಆರಿಸಿ ನೀವು ಕಂಡಿಯ ಒಳಗಡೆ ನೆಲದ ಮೇಲೆ ಕೂತುಕೊಳ್ಳಿ. ಯಜಮಾನರು ಹೊರಗೆ ನಿಂತು ಟಾರ್ಚನ್ನು ಅಂಚಿನ ಸುತ್ತ ನಿಧಾನವಾಗಿ ಆಡಿಸಲಿ. ಮೊದಲು ಫ್ಲ್ಯಾಪ್ ಮಾತ್ರ ಇಳಿಸಿ ನೋಡಿ, ಆಮೇಲೆ ಕದ ಮುಚ್ಚಿ, ಅಗುಳಿ ಹಾಕಿ ಮತ್ತೊಮ್ಮೆ. ಒಳಗೆ ಎಲ್ಲೆಲ್ಲಿ ಬೆಳಕಿನ ಗೆರೆ ಕಾಣುತ್ತದೋ ಅಲ್ಲಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಬೆಳಗ್ಗೆ ಬಡಗಿಯನ್ನು ಕರೆಸಿ ಆ ಗುರುತುಗಳನ್ನು ತೋರಿಸಿ.